ಡಿಸ್ಕ್‌ವರ್ಲ್ಡ್ ಓದೋಕೆ ಎಲ್ಲಿಂದ ಶುರು ಮಾಡಬೇಕು?

ಇಂಗ್ಲಿಷ್ ಲೇಖಕ ಟೆರಿ ಪ್ರ್ಯಾಚೆಟ್ ಅವರ ತಮಾಷೆಯ ಮಾಯಾಲೋಕದ ಕಾದಂಬರಿ ಸರಣಿ ಡಿಸ್ಕ್‌ವರ್ಲ್ಡ್ ಓದಬೇಕು ಅಂತಿರೋರು ಮೊದಲ ಪುಸ್ತಕ ಬಿಟ್ಟು ಎಂಟನೆಯದು, 1989ರ 'ಗಾರ್ಡ್ಸ್! ಗಾರ್ಡ್ಸ್!' ಹಿಡಿಯಿರಿ. ಒಟ್ಟು 41 ಕಾದಂಬರಿ ಇವೆ, ಆದರೆ ಅದು ಒಂದೇ ಉದ್ದದ ಕತೆ ಅಲ್ಲ. ಕಾವಲುಗಾರರದ್ದು, ಮಾಟಗಾತಿಯರದ್ದು, ಸಾವು ಅನ್ನೋ ಪಾತ್ರದ್ದು, ಹೀಗೆ ಬೇರೆ ಬೇರೆ ಗುಂಪಿನ ಕತೆಗಳು. ನಮ್ಮ ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೆ ಯಾವ ದಾರಿಯಿಂದ ಬಂದರೂ ತೇರು ಕಾಣುತ್ತಲ್ವಾ, ಹಾಗೆ. 'ಗಾರ್ಡ್ಸ್! ಗಾರ್ಡ್ಸ್!' ಕಾವಲುಗಾರರ, ಅಂದರೆ ಊರಿನ ಪೊಲೀಸರ, ಕತೆ. ಅದರಲ್ಲಿ ಕ್ಯಾರಟ್ ಅನ್ನೋ ಹುಡುಗ ದೊಡ್ಡ ಊರಿಗೆ ಹೊಸದಾಗಿ ಬರ್ತಾನೆ, ಅವನ ಜೊತೆ ನಾವೂ ಊರು ಕಲಿಯುತ್ತೇವೆ, ಹಿಂದಿನದೇನೂ ಗೊತ್ತಿರಬೇಕಾಗಿಲ್ಲ. ಅದೂ ಅಲ್ಲದೆ 1983ರ ಮೊದಲ ಪುಸ್ತಕದ ತಮಾಷೆ ಜಾಸ್ತಿ ಹಳೆಯ ಕತ್ತಿ-ಮಾಂತ್ರಿಕರ ಕತೆಗಳ ಅಣಕ, ಅವನ್ನು ಓದಿರದಿದ್ದರೆ ನಗು ಅರ್ಧ ತಪ್ಪಿಹೋಗುತ್ತೆ. ಪೊಲೀಸ್ ಕತೆ ಇಷ್ಟ ಇಲ್ಲದವರಿಗೆ ಮಾತ್ರ ಇದು ಆಗಿ ಬರಲ್ಲ. ಅವರು ಸಾವಿನ ಗುಂಪಿನ 1987ರ 'ಮಾರ್ಟ್' ತಗೊಳ್ಳಲಿ, ಇಲ್ಲವಾದರೆ ದೇವರು-ನಂಬಿಕೆ ಬಗ್ಗೆ ಯೋಚಿಸೋರು 'ಸ್ಮಾಲ್ ಗಾಡ್ಸ್', ಅದು ಒಂಟಿಯಾಗಿ ನಿಲ್ಲುವ ಪುಸ್ತಕ, ನನಗಂತೂ ಎಲ್ಲಕ್ಕಿಂತ ಪ್ರೀತಿ. ಅಂಗಡಿಯಲ್ಲಿ 'ನೈಟ್ ವಾಚ್' ಒಂದೇ ಸಿಕ್ತು ಅಂತ ಅದರಿಂದ ಶುರು ಮಾಡಬೇಡಿ. ಬಹಳ ಚೆನ್ನಾಗಿದೆ, ಆದರೆ ಕಾವಲುಗಾರರ ಮುಖ್ಯಸ್ಥ ವೈಮ್ಸ್ ಎಂಥವನು ಅಂತ ಮೊದಲೇ ಗೊತ್ತಿದ್ದರೇನೇ ಅದು ಎದೆಗೆ ತಟ್ಟೋದು. ಹಾಂ, ಮೊದಲಿನಿಂದಲೇ ಓದ್ತೀನಿ ಅನ್ನೋರು ಮೊದಲೆರಡನ್ನೂ ಒಟ್ಟಿಗೆ ತಗೊಳ್ಳಿ, ಎರಡನೆಯದು ಮೊದಲನೆಯದರ ಮುಂದುವರಿಕೆ.