ಗುಂಡು ಎಸೆತದಲ್ಲಿ ಗ್ಲೈಡ್ ತಿದ್ದಿಕೊಳ್ಳುವ ಬಗೆ

ಗ್ಲೈಡ್ ಶೈಲಿಯಲ್ಲಿ, ಅಂದರೆ ಎಸೆಯುವ ದಿಕ್ಕಿಗೆ ಬೆನ್ನು ಮಾಡಿ ಹಿಂದಕ್ಕೆ ಜಾರಿ ಬಂದು, ಗುಂಡು ಎಸೆಯುವವರು ಮೊದಲು ಮಾಡಬೇಕಾದ ಕೆಲಸವೆಂದರೆ ಎರಡು ದೂರಗಳನ್ನು ಅಳೆದು ಅಕ್ಕಪಕ್ಕದಲ್ಲಿ ಬರೆದಿಟ್ಟುಕೊಳ್ಳುವುದು. ಒಂದು, ನಿಂತ ಜಾಗದಿಂದಲೇ ಎಸೆದಾಗ ಗುಂಡು ಬೀಳುವ ದೂರ. ಇನ್ನೊಂದು, ವೃತ್ತದ ಹಿಂದಿನ ಅಂಚಿನಿಂದ ಪೂರ್ತಿ ಗ್ಲೈಡ್ ಮಾಡಿ ಎಸೆದಾಗ ಬೀಳುವ ದೂರ. ನುರಿತ ಎಸೆತಗಾರರಲ್ಲಿ ಇವೆರಡರ ನಡುವೆ ಸುಮಾರು ಒಂದೂವರೆಯಿಂದ ಎರಡು ಮೀಟರ್ ಅಂತರವಿರುತ್ತದೆ. ನಮ್ಮ ತಾಲ್ಲೂಕು, ಜಿಲ್ಲಾ ಕ್ರೀಡಾಕೂಟಗಳಲ್ಲಿ ಕಾಣುವ ಎಷ್ಟೋ ಮಕ್ಕಳಲ್ಲಿ ಈ ಅಂತರ ಒಂದು ಅಡಿಯೂ ಇರುವುದಿಲ್ಲ, ಕೆಲವರಲ್ಲಂತೂ ನಿಂತು ಎಸೆದದ್ದೇ ಮುಂದೆ ಬೀಳುತ್ತದೆ. ಅಂಥವರಿಗೆ ತೋಳಿನ ಬಲ ಸಾಲದು ಎಂದು ಹೇಳಿ ವ್ಯಾಯಾಮಶಾಲೆಗೆ ಕಳುಹಿಸುವುದು ತಪ್ಪು ಚಿಕಿತ್ಸೆಯಾಗುತ್ತದೆ. ಕಾಲುಗಳು ಹುಟ್ಟಿಸಿದ ವೇಗ ಗುಂಡಿಗೆ ತಲುಪುವ ಮೊದಲೇ ಎಲ್ಲೋ ಸೋರಿಹೋಗುತ್ತಿದೆ ಎಂಬುದಷ್ಟೇ ಈ ಅಳತೆ ಹೇಳುವ ಮಾತು, ಮತ್ತು ಆ ಸೋರಿಕೆ ಹೆಚ್ಚಿನ ಸಲ ಆಗುವುದು ಒಂದೇ ಕಾರಣಕ್ಕೆ: ಪಾದಗಳು ನೆಲ ಮುಟ್ಟುವ ಮೊದಲೇ ಎದೆ ಮುಂದಕ್ಕೆ ತಿರುಗಿಬಿಟ್ಟಿರುತ್ತದೆ.

ಎಸೆಯುವ ದಿಕ್ಕಿಗೆ ಪೂರ್ತಿ ಬೆನ್ನು ಮಾಡಿ ನಿಂತು ಹಿಂದಕ್ಕೆ ಜಾರುವ ಈ ಕ್ರಮವನ್ನು 1950ರ ದಶಕದ ಆರಂಭದಲ್ಲಿ ರೂಢಿಗೆ ತಂದವರು ಅಮೆರಿಕದ ಪ್ಯಾರಿ ಓಬ್ರಯನ್. ಅದಕ್ಕೂ ಮೊದಲು ಎಸೆತಗಾರರು ಪಕ್ಕಕ್ಕೆ ಮುಖ ಮಾಡಿ ನಿಂತು ಕುಪ್ಪಳಿಸಿ ಬರುತ್ತಿದ್ದರು. ಬೆನ್ನು ತಿರುಗಿಸಿ ನಿಂತದ್ದರಿಂದ ಓಬ್ರಯನ್ ಅವರಿಗೆ ಸಿಕ್ಕಿದ್ದು ಹೆಚ್ಚಿನ ಹಾದಿ. ಗುಂಡಿನ ಮೇಲೆ ಬಲ ಹಾಕಬಹುದಾದ ದೂರ ಉದ್ದವಾಯಿತು. ಅವರು 1952 ಮತ್ತು 1956ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದರು, 1954ರಲ್ಲಿ 60 ಅಡಿಯ ಗಡಿಯನ್ನು ಮೊದಲಿಗರಾಗಿ ದಾಟಿದರು. ಇಂದು ಪುರುಷರಲ್ಲಿ ತಿರುಗಿ ಎಸೆಯುವ ರೊಟೇಷನಲ್ ಶೈಲಿಯೇ ಮೇಲುಗೈ ಪಡೆದಿದೆ ಎಂಬುದು ನಿಜ. ಆದರೆ ಪೂರ್ವ ಜರ್ಮನಿಯ ಉಲ್ಫ್ ಟಿಮ್ಮರ್‌ಮನ್ 1988ರಲ್ಲಿ ಎಸೆದ 23.06 ಮೀಟರ್ ಗ್ಲೈಡ್‌ನಿಂದಲೇ ಬಂದದ್ದು. ಮಹಿಳೆಯರಲ್ಲಿ ನತಾಲ್ಯ ಲಿಸೊವ್‌ಸ್ಕಾಯ 1987ರಲ್ಲಿ ಸ್ಥಾಪಿಸಿದ 22.63 ಮೀಟರ್ ವಿಶ್ವದಾಖಲೆಯೂ ಅದೇ ಶೈಲಿಯದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚೀನಾದ ಗಾಂಗ್ ಲಿಜಿಯಾವೊ ಚಿನ್ನ ಗೆದ್ದದ್ದೂ ಗ್ಲೈಡ್ ಮಾಡಿಯೇ. ಶಾಲೆ, ಪಿಯುಸಿ ಹಂತದ ಎಸೆತಗಾರರಿಗೆ ನಾನು ಇದನ್ನೇ ಮೊದಲು ಕಲಿಸಬೇಕು ಎನ್ನುತ್ತೇನೆ, ಏಕೆಂದರೆ ಇದರಲ್ಲಿ ತಪ್ಪು ಎಲ್ಲಾಯಿತೆಂದು ಕಣ್ಣಿಗೆ ಕಾಣುತ್ತದೆ, ಕಂಡದ್ದನ್ನು ತಿದ್ದಬಹುದು.

ಮುಂದಿನದನ್ನೆಲ್ಲ ಬಲಗೈಯಲ್ಲಿ ಎಸೆಯುವವರಿಗಾಗಿ ಬರೆದಿದೆ. ಎಡಗೈಯವರು ಎಡಬಲಗಳನ್ನು ಅದಲುಬದಲು ಮಾಡಿಕೊಂಡು ಓದಬೇಕು.

ತಿದ್ದುವ ಕೆಲಸವನ್ನು ಕೊನೆಯಿಂದ ಆರಂಭಿಸುವುದು ಒಳ್ಳೆಯದು. ಗ್ಲೈಡ್ ಎಲ್ಲಿಗೆ ಹೋಗಿ ನಿಲ್ಲಬೇಕು ಎಂಬುದು ದೇಹಕ್ಕೆ ಗೊತ್ತಿಲ್ಲದಿದ್ದರೆ ಹೊರಡುವುದನ್ನು ಎಷ್ಟು ಅಭ್ಯಾಸ ಮಾಡಿದರೂ ಉಪಯೋಗವಿಲ್ಲ. ತಲುಪಬೇಕಾದ ಆ ಭಂಗಿಯನ್ನು ತರಬೇತುದಾರರು ಪವರ್ ಪೊಸಿಷನ್ ಎನ್ನುತ್ತಾರೆ. ಬಲಪಾದ ವೃತ್ತದ ನಡುಭಾಗದಲ್ಲಿ, ಹಿಮ್ಮಡಿ ನೆಲದಿಂದ ತುಸು ಮೇಲೆದ್ದು, ಮುಂಗಾಲಿನ ಮೇಲೆ ನಿಂತಿರಬೇಕು. ಎಡಪಾದ ಸ್ಟಾಪ್ ಬೋರ್ಡಿನ, ಅಂದರೆ ವೃತ್ತದ ಮುಂದಿನ ಅಂಚಿನಲ್ಲಿರುವ ತಡೆಹಲಗೆಯ ಹತ್ತಿರ, ಎಸೆಯುವ ದಿಕ್ಕಿಗೆ ನೋಡಿದಾಗ ಮಧ್ಯರೇಖೆಯಿಂದ ಸ್ವಲ್ಪವೇ ಎಡಕ್ಕೆ ಇರಬೇಕು. ಬಲಗಾಲಿನ ಹಿಮ್ಮಡಿಯಿಂದ ಬೋರ್ಡಿನ ಕಡೆಗೆ ಗೆರೆ ಎಳೆದರೆ ಅದು ಎಡಗಾಲಿನ ಬೆರಳುಗಳನ್ನು ಮುಟ್ಟುವಂತಿರಬೇಕು. ಎಡಪಾದ ಇದಕ್ಕಿಂತ ಬಹಳ ಎಡಕ್ಕೆ ಹೋದರೆ ಎಡಮಗ್ಗುಲಿಗೆ ಊರಿ ನಿಲ್ಲುವ ಆಸರೆಯೇ ಇರುವುದಿಲ್ಲ, ಬಲಕ್ಕೆ ಬಂದರೆ ಸೊಂಟ ತಿರುಗಲು ದಾರಿಯಿರುವುದಿಲ್ಲ. ದೇಹದ ಭಾರ ಬಾಗಿದ ಬಲಗಾಲಿನ ಮೇಲಿರಬೇಕು. ಪಕ್ಕದಿಂದ ನೋಡುವವರಿಗೆ ಗದ್ದ, ಬಲಮಂಡಿ, ಬಲಗಾಲಿನ ಬೆರಳುಗಳು ಒಂದೇ ಲಂಬರೇಖೆಯಲ್ಲಿ ಕಾಣಬೇಕು. ಭುಜಗಳೂ ಕಣ್ಣುಗಳೂ ಇನ್ನೂ ವೃತ್ತದ ಹಿಂಬದಿಗೇ ಮುಖ ಮಾಡಿರಬೇಕು. ಕೆಳಗಿನ ದೇಹ ಪಕ್ಕಕ್ಕೆ ತಿರುಗಲು ತೊಡಗಿದ್ದು ಮೇಲಿನ ದೇಹ ಹಿಂದೆಯೇ ಉಳಿದಾಗ ನಡುವಿನ ಸ್ನಾಯುಗಳಲ್ಲಿ ಒಂದು ಬಿಗಿತ ಹುಟ್ಟುತ್ತದೆ. ಗ್ಲೈಡ್‌ನ ಪ್ರಯೋಜನವೆಲ್ಲ ಆ ಬಿಗಿತದಲ್ಲಿದೆ.

ಈ ಭಂಗಿಗೆ ಬಂದು, ಎರಡು ಎಣಿಸುವಷ್ಟು ಹೊತ್ತು ಅಲುಗಾಡದೆ ನಿಂತು, ಆಮೇಲೆ ಎಸೆಯುವ ಅಭ್ಯಾಸವನ್ನು ಪ್ರತಿದಿನ ಮೊದಲು ಮಾಡಬೇಕು. ಎಸೆತ ಬಲಪಾದದಿಂದ ಆರಂಭವಾಗಲಿ: ಪಾದ ತಿರುಗಲಿ, ಮಂಡಿ ತಿರುಗಲಿ, ಸೊಂಟ ಮುಂದೆ ಬರಲಿ, ಎದೆ ಅದರ ಹಿಂದೆ ಬರಲಿ, ಕೈ ಕಟ್ಟಕಡೆಗೆ ಬರಲಿ. ಎಡಗಾಲು ನೆಟ್ಟಗಾಗಿ ಗಟ್ಟಿಯಾಗಿ ನಿಲ್ಲುವ ಹೊತ್ತಿಗೇ ಎಡಗೈ ಮಡಿಸಿ ಪಕ್ಕೆಲುಬಿಗೆ ಒತ್ತಿಕೊಳ್ಳಬೇಕು. ಇದರಿಂದ ಎಡಮಗ್ಗುಲು ನಿಂತುಹೋಗಿ ಬಲಮಗ್ಗುಲು ಅದರ ಸುತ್ತ ಬೀಸಿಕೊಂಡು ಬರುತ್ತದೆ. ಗುಂಡು ಕೈಬಿಡುವ ತನಕ ಬಲಮೊಣಕೈ ಕೆಳಗಿಳಿಯಬಾರದು, ಇಳಿದರೆ ತಳ್ಳುವುದು ಹೋಗಿ ಚೆಂಡೆಸೆದಂತಾಗುತ್ತದೆ, ಬೆರಳು ಮೊಣಕೈಗಳಿಗೆ ಪೆಟ್ಟಾಗುವುದೂ ಹೀಗೆಯೇ.

ಇನ್ನು ಹೊರಡುವ ಭಾಗ. ವೃತ್ತದ ವ್ಯಾಸ 2.135 ಮೀಟರ್. ಅದರ ಹಿಂದಿನ ಅಂಚಿಗೆ ಬಲಪಾದದ ಬೆರಳುಗಳು ತಾಗುವಂತೆ, ಎಸೆಯುವ ದಿಕ್ಕಿಗೆ ಬೆನ್ನು ಮಾಡಿ ನಿಲ್ಲಬೇಕು. ಗುಂಡು ಬೆರಳುಗಳ ಬುಡದಲ್ಲಿ ಕುಳಿತು, ದವಡೆಯ ಕೆಳಗೆ ಕುತ್ತಿಗೆಗೆ ಒತ್ತಿಕೊಂಡಿರಲಿ, ಅಂಗೈಯಲ್ಲಿ ಮುಳುಗಿರಬಾರದು. ಸೊಂಟದಿಂದ ಬಾಗಿ ಎದೆಯನ್ನು ಬಲತೊಡೆಯ ಮೇಲಕ್ಕೆ ತಂದು, ಎಡಮಂಡಿಯನ್ನು ಬಲಮಂಡಿಯ ಹತ್ತಿರಕ್ಕೆ ಸೆಳೆದುಕೊಂಡ ಕ್ಷಣದಲ್ಲಿ ಹೆಚ್ಚಿನವರು ಅವಸರಪಟ್ಟು ಬಲಗಾಲಿನಿಂದ ಮೇಲಕ್ಕೆ ಚಿಮ್ಮುತ್ತಾರೆ. ಅದು ನೆಗೆತ, ಗ್ಲೈಡ್ ಅಲ್ಲ. ಮೊದಲು ಸೊಂಟ ಹಿಂದಕ್ಕೆ, ಅಂದರೆ ಬೋರ್ಡಿನ ಕಡೆಗೆ, ವಾಲಬೇಕು. ಹಿಂದಿರುವ ಕುರ್ಚಿಯ ಮೇಲೆ ಕೂರಲು ಹೊರಟವರ ಹಾಗೆ. ಸಮತೋಲ ತಪ್ಪುವ ಆ ಗಳಿಗೆಯಲ್ಲಿ ಎಡಗಾಲು ನೆಲಕ್ಕೆ ಹತ್ತಿರವಾಗಿಯೇ ಬೋರ್ಡಿನ ಕೆಳಭಾಗವನ್ನು ಗುರಿಯಾಗಿಸಿ ನೇರವಾಗಿ ಚಾಚಬೇಕು, ಅದರ ಬೆನ್ನಿಗೇ ಬಲಗಾಲು ನೆಲವನ್ನು ಒತ್ತಿ ನೀಳವಾಗಬೇಕು. ಒತ್ತುವಾಗ ಭಾರ ಮುಂಗಾಲಿನಿಂದ ಹಿಮ್ಮಡಿಗೆ ಉರುಳಿ, ಕೊನೆಗೆ ನೆಲ ಬಿಡುವುದು ಹಿಮ್ಮಡಿಯೇ ಆಗಿರಬೇಕು.

ಇದನ್ನು ಪರೀಕ್ಷಿಸಲು ಸುಲಭದ ಉಪಾಯವಿದೆ. ಅಭ್ಯಾಸದ ವೇಳೆ ಸಿಮೆಂಟು ನೆಲದ ಮೇಲೆ ಚಾಕ್‌ಪೀಸಿನ ಪುಡಿಯನ್ನು ತೆಳ್ಳಗೆ ಉದುರಿಸಿ, ಗುಂಡಿಲ್ಲದೆ ಒಂದು ಗ್ಲೈಡ್ ಮಾಡಿ, ತಿರುಗಿ ಬಂದು ಕುಳಿತು ನೆಲವನ್ನು ನೋಡಬೇಕು. ಸರಿಯಾದ ಗ್ಲೈಡ್‌ನಲ್ಲಿ ಹಿಂದಿನ ಅಂಚಿನ ಬಳಿ ಹಿಮ್ಮಡಿ ಉಜ್ಜಿದ ಗುರುತು, ಅಲ್ಲಿಂದ ನಡುಭಾಗದವರೆಗೆ ಪಾದ ನೆಲವನ್ನು ಸವರಿಕೊಂಡು ಹೋದ ಮಸುಕು ಗೆರೆ ಅಥವಾ ಹೆಚ್ಚೆಂದರೆ ಚಿಕ್ಕದೊಂದು ಖಾಲಿ ಜಾಗ, ಅದರಾಚೆ ಮುಂಗಾಲಿನ ಅರ್ಧ ಅಚ್ಚು ಓರೆಯಾಗಿ ಮೂಡಿರುತ್ತದೆ. ಹಿಂದಿನ ಅಂಚಿನಲ್ಲಿ ಬೆರಳುಗಳ ಗುರುತು ಮಾತ್ರ ಆಳವಾಗಿ ಬಿದ್ದು, ನಡುವೆ ಏನೂ ಇಲ್ಲದೆ, ಮುಂದೆ ಇಡೀ ಪಾದ ಅಚ್ಚೊತ್ತಿದ್ದರೆ ಎಸೆತಗಾರ ಮೇಲಕ್ಕೆ ಹಾರಿ ಚಪ್ಪಟೆಯಾಗಿ ಇಳಿದಿದ್ದಾನೆಂದು ಅರ್ಥ. ಸ್ಪರ್ಧೆಯಲ್ಲಿ ವೃತ್ತದೊಳಗಾಗಲಿ ಬೂಟಿನ ಮೇಲಾಗಲಿ ಯಾವುದೇ ಪುಡಿ ಹಾಕಲು ನಿಯಮ ಬಿಡುವುದಿಲ್ಲ, ಆದ್ದರಿಂದ ಇದು ಅಭ್ಯಾಸಕ್ಕಷ್ಟೇ.

ಬಲಗಾಲು ನೆಲ ಬಿಟ್ಟ ಮೇಲೆ ನಡೆಯುವುದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ, ಆದರೆ ಇಡೀ ಶೈಲಿಯಲ್ಲಿ ಕಷ್ಟವಾದದ್ದೂ ಅದೇ. ಮೊಣಕಾಲಿನ ಕೆಳಭಾಗವನ್ನು ಸೊಂಟದಡಿಗೆ ಚುರುಕಾಗಿ ಎಳೆದುಕೊಳ್ಳಬೇಕು, ಎಳೆಯುತ್ತಲೇ ಪಾದವನ್ನು ಒಳಕ್ಕೆ ತಿರುಗಿಸಬೇಕು. ಇಳಿಯುವಾಗ ಬೆರಳುಗಳು ಹಿಂದಕ್ಕೇ ನೋಡುತ್ತಿರದೆ ಸುಮಾರು 45 ಡಿಗ್ರಿಯಷ್ಟಾದರೂ ತಿರುಗಿರಬೇಕು. ಎಳೆತ ಸಾಲದಿದ್ದರೆ ಪಾದ ಹಿಂದೆಯೇ ಉಳಿದು ಭಾರವೆಲ್ಲ ಎಡಗಾಲಿನ ಮೇಲೆ ಬೀಳುತ್ತದೆ, ಬಲಗಾಲಿಗೆ ತಳ್ಳಲು ಏನೂ ಉಳಿಯುವುದಿಲ್ಲ. ಎರಡೂ ಪಾದಗಳು ಒಂದರ ಹಿಂದೊಂದು ತಕ್ಷಣ ನೆಲ ಮುಟ್ಟಬೇಕು. ಕಣ್ಣು ಮುಚ್ಚಿ ಕೇಳಿದರೂ ಇದು ತಿಳಿಯುತ್ತದೆ: ಒಳ್ಳೆಯ ಗ್ಲೈಡ್‌ನ ಸದ್ದು ‘ಟಟಕ್’ ಎಂದು ಒಟ್ಟಾಗಿ ಬರುತ್ತದೆ, ಎರಡು ಬಡಿತಗಳ ನಡುವೆ ಬಿಡುವು ಕೇಳಿಸಿದರೆ ಗುಂಡು ಅಲ್ಲಿ ವೇಗ ಕಳೆದುಕೊಂಡಿರುತ್ತದೆ.

ಭುಜಗಳನ್ನು ಹಿಂದೆ ಉಳಿಸಿಕೊಳ್ಳುವುದಕ್ಕೆ ನಾನು ಕಂಡ ಅಭ್ಯಾಸಗಳಲ್ಲಿ ಟವೆಲಿನದು ಬಹಳ ಉತ್ತಮ. ವೃತ್ತದ ಹಿಂದೆ ನಿಂತ ಜೊತೆಗಾರರು ಟವೆಲಿನ ಒಂದು ತುದಿ ಹಿಡಿದಿರುತ್ತಾರೆ, ಎಸೆತಗಾರರ ಎಡಗೈಯಲ್ಲಿ ಇನ್ನೊಂದು ತುದಿ ಇರುತ್ತದೆ. ಗುಂಡಿಲ್ಲದೆ ಗ್ಲೈಡ್ ಮಾಡಿ ಪವರ್ ಪೊಸಿಷನ್‌ನಲ್ಲಿ ನಿಲ್ಲುವವರೆಗೂ ಟವೆಲು ಬಿಗಿಯಾಗಿರಬೇಕು, ಜೊತೆಗಾರರು ಎಳೆಯಕೂಡದು, ಸುಮ್ಮನೆ ಹಿಡಿದು ಕೈ ಮುಂದೊಡ್ಡುತ್ತ ಬರಬೇಕು. ಎಡಭುಜ ಬೇಗ ತೆರೆದುಕೊಂಡರೆ ಆ ಸೆಳೆತ ಕೈಗೇ ಗೊತ್ತಾಗುತ್ತದೆ. ಒಬ್ಬರೇ ಅಭ್ಯಾಸ ಮಾಡುವವರು ಹಿಂಬದಿಯ ಕಂಬವನ್ನೋ ಮರವನ್ನೋ ಗುರುತಿಟ್ಟುಕೊಂಡು, ಎಡಪಾದ ನೆಲ ಮುಟ್ಟುವವರೆಗೂ ಅದರಿಂದ ಕಣ್ಣು ಕೀಳದಿರಲಿ. ತಲೆ ತಿರುಗಿದರೆ ಭುಜವೂ ತಿರುಗುತ್ತದೆ.

ನಮ್ಮಲ್ಲಿನ ಇನ್ನೊಂದು ತೊಡಕನ್ನು ಇಲ್ಲಿ ಹೇಳಲೇಬೇಕು. ಬಹಳಷ್ಟು ಶಾಲೆಗಳಲ್ಲಿ ವೃತ್ತವೆಂದರೆ ಮಣ್ಣಿನ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಎಳೆದ ಗೆರೆ. ಮಣ್ಣಿನಲ್ಲಿ ಪಾದ ಜಾರುವುದಿಲ್ಲ, ಆದ್ದರಿಂದ ಮಕ್ಕಳು ತಮಗೆ ಅರಿವಿಲ್ಲದೆಯೇ ಕುಪ್ಪಳಿಸುವುದನ್ನು ರೂಢಿಸಿಕೊಳ್ಳುತ್ತಾರೆ, ಆಮೇಲೆ ಜಿಲ್ಲಾ ಕ್ರೀಡಾಂಗಣದ ಸಿಮೆಂಟು ವೃತ್ತಕ್ಕೆ ಬಂದಾಗ ಕಾಲು ಹಿಡಿತ ತಪ್ಪುತ್ತದೆ. ಎಸೆತವನ್ನು ಮೈದಾನದಲ್ಲೇ ಮಾಡಿದರೂ ಗುಂಡಿಲ್ಲದ ಗ್ಲೈಡ್‌ಗಳನ್ನು ಶಾಲೆಯ ಸಿಮೆಂಟು ಅಂಗಳದಲ್ಲೋ ರಂಗಮಂದಿರದ ನೆಲದಲ್ಲೋ ಚಪ್ಪಟೆ ಅಡಿಯ ಬೂಟು ಹಾಕಿಕೊಂಡು ಮಾಡಿಸಬೇಕು. ನೇರ ಗೆರೆಯೊಂದನ್ನು ಎಳೆದು ಅದರ ಮೇಲೆ ಸಾಲಾಗಿ ನಾಲ್ಕೈದು ಗ್ಲೈಡ್ ಮಾಡುತ್ತ ಹಿಂದೆ ಸಾಗಿದರೆ ದಿಕ್ಕೂ ಲಯವೂ ಒಟ್ಟಿಗೆ ಕೂಡಿಬರುತ್ತವೆ.

ಗುಂಡಿನ ತೂಕದ ವಿಷಯದಲ್ಲಿ ಹಟ ಬೇಡ. ಪುರುಷರ ಗುಂಡು 7.26 ಕಿಲೋ, ಮಹಿಳೆಯರದು 4 ಕಿಲೋ, 18 ವರ್ಷದೊಳಗಿನ ಹುಡುಗರಿಗೆ 5 ಮತ್ತು ಹುಡುಗಿಯರಿಗೆ 3 ಕಿಲೋ. ಕಾಲಿನ ಕೆಲಸ ತಿದ್ದುವ ವಾರಗಳಲ್ಲಿ ಸ್ಪರ್ಧೆಯ ತೂಕಕ್ಕಿಂತ ಒಂದು ಕಿಲೋ ಕಡಿಮೆಯದನ್ನು ಬಳಸಿದರೆ ದೇಹ ಹೆದರದೆ ಸರಿಯಾದ ಚಲನೆಯನ್ನು ಹಿಡಿಯುತ್ತದೆ. ಪೂರ್ತಿ ಎಸೆತಗಳನ್ನು ದಣಿವಾಗುವ ಮೊದಲೇ, ಇಪ್ಪತ್ತರ ಆಸುಪಾಸಿನಲ್ಲಿ ನಿಲ್ಲಿಸಬೇಕು. ಸೋತ ಕಾಲು ಹಳೆಯ ತಪ್ಪಿಗೇ ಮರಳುತ್ತದೆ. ಮೊಬೈಲನ್ನು ಒಮ್ಮೆ ಪಕ್ಕದಲ್ಲಿ, ಒಮ್ಮೆ ವೃತ್ತದ ಹಿಂದೆ ಇಟ್ಟು ಚಿತ್ರೀಕರಿಸಿ, ಎಡಪಾದ ನೆಲ ಮುಟ್ಟಿದ ಚೌಕಟ್ಟಿನಲ್ಲಿ ನಿಲ್ಲಿಸಿ ನೋಡಲಿ. ಎದೆ ಎತ್ತ ನೋಡುತ್ತಿದೆ, ಭಾರ ಯಾವ ಕಾಲಿನ ಮೇಲಿದೆ ಎಂಬ ಎರಡು ಪ್ರಶ್ನೆಗಳಿಗೆ ಆ ಒಂದು ಚೌಕಟ್ಟು ಉತ್ತರ ಕೊಡುತ್ತದೆ.

ಗುಂಡು ಕೈಬಿಟ್ಟ ನಂತರ ಕಾಲು ಬದಲಿಸುವ ರಿವರ್ಸ್ ಅನ್ನು ಕೊನೆಗೆ ಸೇರಿಸಿಕೊಳ್ಳಬೇಕು. ಮೊದಲೇ ಕಲಿತವರು ಎಸೆಯುವ ಮುನ್ನವೇ ಕಾಲು ಬದಲಿಸಿ ಎಡಗಾಲಿನ ಆಸರೆಯನ್ನು ಕಳೆದುಕೊಳ್ಳುತ್ತಾರೆ. ರಿವರ್ಸ್ ಇರುವುದು ಸ್ಟಾಪ್ ಬೋರ್ಡಿನ ಮೇಲ್ಭಾಗವನ್ನು ತುಳಿದು ಫೌಲ್ ಆಗದಂತೆ ದೇಹವನ್ನು ತಡೆಯುವುದಕ್ಕೆ. ಬೋರ್ಡಿನ ಒಳಮೈಯನ್ನು ಪಾದ ಮುಟ್ಟಿದರೆ ತಪ್ಪಿಲ್ಲ. ಗುಂಡು ನೆಲಕ್ಕೆ ಬೀಳುವವರೆಗೆ ಒಳಗೇ ನಿಂತಿದ್ದು, ವೃತ್ತದ ಹಿಂದಿನ ಅರ್ಧಭಾಗದಿಂದಲೇ ಹೊರಗೆ ಬರುವುದನ್ನು ಅಭ್ಯಾಸದ ಪ್ರತಿ ಎಸೆತದಲ್ಲೂ ಪಾಲಿಸಿದರೆ ಸ್ಪರ್ಧೆಯ ದಿನ ಅದಕ್ಕೆಂದು ಬೇರೆ ಯೋಚಿಸಬೇಕಾಗುವುದಿಲ್ಲ.