ಇಲ್ಲದ ಗೆಳೆಯನ ಹಿಂದೆ ಎರಡು ವಾರ

ಹದಿನಾರನೇ ಶತಮಾನದಲ್ಲಿ ಗೋವಾದಲ್ಲಿದ್ದ ವೈದ್ಯ ಗಾರ್ಸಿಯಾ ಡ ಓರ್ತಾನ ಜೀವನ ಬರೆಯಲು ಕೂತಾಗ ನಾನು ಮೊದಲು ಮಾಡಿದ್ದೇ ಒಂದು ಎಡವಟ್ಟು. ರುವಾನೋ ಅನ್ನುವವನ ಹೆಸರಲ್ಲೂ ಒಂದು ಫೈಲ್ ತೆರೆದೆ. ಭಾರತದ ಗಿಡಮೂಲಿಕೆಗಳ ಬಗ್ಗೆ ಓರ್ತಾ ಬರೆದ ಪುಸ್ತಕ ಪೂರ್ತಿ ಸಂಭಾಷಣೆಯಲ್ಲೇ ಇದೆ. ಸ್ಪೇನಿನಿಂದ ಬಂದ ರುವಾನೋ ಕೇಳುತ್ತಾನೆ, ಓರ್ತಾ ಹೇಳುತ್ತಾನೆ. ಇಬ್ಬರೂ ಸ್ಪೇನಿನ ಸಾಲಮಾಂಕಾದಲ್ಲಿ ಓದುತ್ತಿದ್ದ ಕಾಲದಿಂದ ಪರಿಚಯದವರು ಅಂತ ಬೇರೆ ಇದೆ. ಅವನು ಯಾವ ಹಡಗಿನಲ್ಲಿ ಬಂದ ಅಂತ ಎರಡು ವಾರ ಹುಡುಕಿದೆ. ಅಂಥ ಮನುಷ್ಯನೇ ಇರಲಿಲ್ಲ! ಪ್ರಶ್ನೆ ಕೇಳಲು ಓರ್ತಾ ತಾನೇ ಕಟ್ಟಿಕೊಂಡ ಗೆಳೆಯ ಅವನು.

ಫೈಲ್ ಮುಚ್ಚಿದ ಮೇಲೆ ಕೈಯಲ್ಲಿ ಉಳಿದದ್ದು ತೀರಾ ಕಡಿಮೆ. ಪೋರ್ಚುಗಲ್‌ನ ವೈದ್ಯ. 1534ರಲ್ಲಿ ಪೋರ್ಚುಗೀಸ್ ನೌಕಾಧಿಪತಿ ಮಾರ್ಟಿಂ ಅಫೋನ್ಸೊ ಡ ಸೌಜಾ ಜೊತೆ ಹಡಗು ಹತ್ತಿ ಗೋವಾಕ್ಕೆ ಬಂದ, ಮತ್ತೆ ಊರಿಗೆ ಹೋಗಲಿಲ್ಲ. ಪುಸ್ತಕ 1563ರಲ್ಲಿ ಗೋವಾದಲ್ಲೇ ಅಚ್ಚಾಯಿತು. 1568ರಲ್ಲಿ ತೀರಿಕೊಂಡ. ಒಂದು ಪೋಸ್ಟ್‌ಕಾರ್ಡಿಗೆ ಸಾಕು, ಅಲ್ವಾ?

ಹಾಗಾಗಿ ಜೀವನವನ್ನು ಗಿಡಗಳ ನಡುವೆಯೇ ಹುಡುಕಬೇಕಾಯಿತು. ನನಗೆ ಪೋರ್ಚುಗೀಸ್ ಬರುವುದಿಲ್ಲ. ಕ್ಲೆಮೆಂಟ್ಸ್ ಮಾರ್ಕಮ್ 1913ರಲ್ಲಿ ಮಾಡಿದ ಇಂಗ್ಲಿಷ್ ಅನುವಾದ ಇಟ್ಟುಕೊಂಡು, ಮೂರು ಬಣ್ಣದ ಪೆನ್ನು ಹಿಡಿದೆ. ಅವನು ಕಣ್ಣಾರೆ ಕಂಡದ್ದಕ್ಕೆ ಹಸಿರು, ಯಾರೋ ಹೇಳಿದ್ದಕ್ಕೆ ನೀಲಿ, ಹಳೇ ಗ್ರಂಥದಿಂದ ಎತ್ತಿದ್ದಕ್ಕೆ ಕೆಂಪು. ಹಸಿರು ಗೆರೆಗಳನ್ನಷ್ಟೇ ಒಟ್ಟು ಮಾಡಿದಾಗ ಮನುಷ್ಯ ಕಾಣತೊಡಗಿದ. ಅಹ್ಮದ್‌ನಗರದ ನಿಜಾಮ್ ಷಾನಿಗೆ ಮದ್ದು ಕೊಡಲು ಹೋಗುವ ವೈದ್ಯ ಅಲ್ಲಿದ್ದ. ಮನೆಯಲ್ಲಿ ಆಳು ಹೆಂಗಸು ಆಂತೋನಿಯಾಳನ್ನು ಕೂಗಿ ಗಿಡ ತರಿಸುವ ಯಜಮಾನ ಇದ್ದ.

ನನಗೆ ಜಾಸ್ತಿ ಹಿಡಿಸಿದ್ದು ಕಾಲರಾ ಭಾಗ. ಮಾತು ಬೇರೆ ಯಾವುದೋ ಬೇರಿನ ಮೇಲೆ ನಡೆಯುತ್ತಿರುತ್ತದೆ, ಅಷ್ಟರಲ್ಲಿ ರೋಗಿಗೆ ವಿಪರೀತ ಆಗಿದೆ ಅಂತ ಕರೆ ಬರುತ್ತದೆ. ಇಲ್ಲಿನ ಜನ ಇದಕ್ಕೆ ‘ಮೊರ್ಷಿ’ ಅನ್ನುತ್ತಾರೆ, ಮೆಣಸು ಜೀರಿಗೆ ಹಾಕಿದ ಗಂಜಿ ಕುಡಿಸುತ್ತಾರೆ ಅಂತ ಬರೆಯುತ್ತಾನೆ. ‘ಕಾಂಜೆ’ ಅನ್ನುವ ಪದ ನೋಡಿ ನನಗೆ ಅಜ್ಜಿಯ ನೆನಪಾಗಿ ನಗು ಬಂತು.

ಹೆಸರುಗಳ ವಿಷಯದಲ್ಲಿ ಒಂದು ಉಪಾಯ ಕಂಡುಕೊಂಡೆ. ಕಣ್ಣಿಗೆ ಗೊತ್ತಾಗದಿದ್ದರೆ ಗಟ್ಟಿಯಾಗಿ ಓದುವುದು. ‘ನೆಗುಂಡೊ’ ಅನ್ನುವ ಗಿಡ ಸುಮ್ನೆ ತಲೆ ತಿಂದಿತ್ತು. ಬಾಯಿಬಿಟ್ಟು ಎರಡು ಸಲ ಹೇಳಿದೆ, ನಿರ್ಗುಂಡಿ! ನಮ್ಮ ಲಕ್ಕಿ ಗಿಡ. ಅದರ ಶಾಸ್ತ್ರೀಯ ಹೆಸರಿನಲ್ಲಿ ‘ನೆಗುಂಡೊ’ ಇವತ್ತಿಗೂ ಇದೆ.

ಒಂದು ಕಡೆ ಓರ್ತಾ, ತಾನು ಸ್ಪೇನಿನಲ್ಲಿದ್ದಿದ್ದರೆ ಪ್ರಾಚೀನ ವೈದ್ಯ ಗೇಲನ್ ಮತ್ತು ಗ್ರೀಕರ ವಿರುದ್ಧ ಮಾತಾಡುವ ಧೈರ್ಯ ಬರುತ್ತಿರಲಿಲ್ಲ ಅನ್ನುತ್ತಾನೆ. ದೂರ ಬಂದದ್ದರಿಂದ ಬಾಯಿ ಬಿಡಿಸಿಕೊಂಡವನು. ಆದರೆ ಇನ್ನೊಂದು ವಿಷಯಕ್ಕೆ ಗೋವಾದಲ್ಲೂ ಬಾಯಿ ಬಿಡುವಂತಿರಲಿಲ್ಲ. ಅವನದು ಬಲವಂತಕ್ಕೆ ಕ್ರೈಸ್ತರಾದ ಯಹೂದಿ ಮನೆತನ. 1560ರಲ್ಲಿ ಗೋವಾಕ್ಕೂ ಇನ್‌ಕ್ವಿಸಿಷನ್, ಅಂದರೆ ಧರ್ಮ ತಪ್ಪಿದವರನ್ನು ಹುಡುಕಿ ಶಿಕ್ಷಿಸುವ ಚರ್ಚಿನ ನ್ಯಾಯಮಂಡಳಿ, ಬಂತು. ಅವನು ಸತ್ತ ಮರುವರ್ಷ ತಂಗಿ ಕತರೀನಾಳನ್ನು ಜೀವಂತ ಸುಟ್ಟರು. 1580ರಲ್ಲಿ ಅವನ ಮೂಳೆಗಳನ್ನೂ ಅಗೆದು ತೆಗೆದು ಸುಟ್ಟರು.

ಮೊದಲ ಕರಡಿನಲ್ಲಿ ಈ ಬೆಂಕಿಯಿಂದಲೇ ಶುರು ಮಾಡಿದ್ದೆ. ಓದಲು ಚೆನ್ನಾಗಿತ್ತು, ನಿಜ. ಆದರೆ ಆಮೇಲೆ ಬರುವ ಮಾವು, ಏಲಕ್ಕಿ, ದತ್ತೂರ ಎಲ್ಲದಕ್ಕೂ ಹೊಗೆ ವಾಸನೆ ಅಂಟಿಕೊಂಡುಬಿಟ್ಟಿತು. ಅವನು ಅವುಗಳನ್ನು ಬರೆಯುವಾಗ ಇದ್ದ ಖುಷಿ ಎಲ್ಲೂ ಕಾಣಲಿಲ್ಲ. ಕತ್ತರಿಸಿ ತೆಗೆದು, ಆ ವರ್ಷಗಳು ಬರುವ ಜಾಗಕ್ಕೇ ಹಾಕಿದೆ. ಎಂಟು ಸಾಲು ಆಯಿತು. ಗಂಜಿಗೆ ಎರಡು ಪುಟ ಕೊಟ್ಟಿದ್ದೇನೆ.