ಫೈಲ್ ಬೇಡ, ಲಿಂಕ್ ಕೊಡಿ

ಕಂಪನಿಯಲ್ಲಿ ನಾಲ್ಕೈದು ಜನ ಇದ್ದಾಗ ಲೋಗೋ ಬೇಕಾದರೆ ಪಕ್ಕದ ಡಿಸೈನರ್‌ನ ಕೇಳಿದರೆ ಸಾಕಿತ್ತು. ಸೇಲ್ಸ್ ತಂಡ, ಎಚ್‌ಆರ್, ಹೊರಗಿನ ಏಜೆನ್ಸಿ, ಪ್ರಿಂಟರ್ ಹೀಗೆ ಕೇಳುವವರು ಜಾಸ್ತಿಯಾದ ಮೇಲೆ ಡಿಸೈನರ್‌ಗೆ ಫೈಲ್ ಹುಡುಕಿ ಕಳಿಸುವುದೇ ಕೆಲಸವಾಯಿತು. ಆಗ ಲೋಗೋ, ಫೋಟೋ, ಬ್ರೋಷರ್ ಫೈಲ್‌ಗಳನ್ನೆಲ್ಲ ಒಪ್ಪ ಮಾಡುವ ಜವಾಬ್ದಾರಿಯನ್ನು ನಾನು ವಹಿಸಿಕೊಂಡೆ.

ಮೊದಲು ಫೋಲ್ಡರ್‌ಗಳಿಗೆ ಕೈ ಹಾಕಲಿಲ್ಲ. ಜನ ಏನಂತ ಕೇಳುತ್ತಾರೆ ಅನ್ನುವುದನ್ನು ಬರೆದಿಟ್ಟುಕೊಂಡು ಬಂದೆ. 'ಬಿಳಿ ಹಿನ್ನೆಲೆ ಇರೋ ಪ್ರಾಡಕ್ಟ್ ಫೋಟೋ ಇದೆಯಾ?' 'ಕಪ್ಪು ಸ್ಲೈಡ್ ಮೇಲೆ ಹಾಕೋಕೆ ಲೋಗೋ ಕೊಡಿ.' ಯಾರೂ ಕ್ಯಾಂಪೇನ್ ಹೆಸರು ಹೇಳಿ ಕೇಳುವುದಿಲ್ಲ. ನಮ್ಮ ಫೋಲ್ಡರ್‌ಗಳೋ ಪೂರ್ತಿ ಕ್ಯಾಂಪೇನ್ ಪ್ರಕಾರವೇ ಇದ್ದವು. ಹಾಗಾಗಿ ಲೋಗೋ, ಪ್ರಾಡಕ್ಟ್, ಜನ, ಬ್ರೋಷರ್, ಸ್ಲೈಡ್ ಅಂತ ಕೇಳುವವರ ಬಾಯಲ್ಲಿ ಬರುವ ಹೆಸರುಗಳನ್ನೇ ಇಟ್ಟೆ. ಎರಡು ಹಂತಕ್ಕಿಂತ ಆಳಕ್ಕೆ ಹೋಗಲಿಲ್ಲ. ಅದಕ್ಕಿಂತ ಒಳಗೆ ಇಟ್ಟದ್ದನ್ನು ಯಾರೂ ತೆರೆದು ನೋಡುವುದಿಲ್ಲ.

ಫೈಲಿನ ಹೆಸರಲ್ಲಿ ದಿನಾಂಕವನ್ನು 2024-03-15 ಅಂತ ವರ್ಷ ಮೊದಲು ಬರುವಂತೆ ಬರೆಯುತ್ತೇವೆ. ಆಗ ತಾನಾಗಿಯೇ ಕ್ರಮವಾಗಿ ಜೋಡಣೆಯಾಗುತ್ತವೆ. 'ಫೈನಲ್' ಅನ್ನುವ ಪದವನ್ನು ಹೆಸರಿನಿಂದ ಪೂರ್ತಿ ತೆಗೆದೆವು. ಫೋಟೋಗಳಿಗೆ ಇನ್ನೂ ಒಂದು ಕೆಲಸ ಮಾಡಿದೆ. ವಿವರಣೆ, ಕೀವರ್ಡ್, ತೆಗೆದವರ ಹೆಸರು ಇವನ್ನು ಐಪಿಟಿಸಿ ಮೆಟಾಡೇಟಾ ಆಗಿ, ಅಂದರೆ ಫೋಟೋ ಬಗೆಗಿನ ಮಾಹಿತಿಯನ್ನು ಬರೆಯುವ ಒಂದು ಸಾಮಾನ್ಯ ಮಾದರಿಯಲ್ಲಿ, ಫೈಲಿನ ಒಳಗೇ ಬರೆದೆ. ನಾಳೆ ಬೇರೆ ಸಾಫ್ಟ್‌ವೇರ್‌ಗೆ ಹೋದರೂ ಆ ಮಾಹಿತಿ ಫೋಟೋ ಜೊತೆಗೇ ಬರುತ್ತದೆ. ಬೇಜಾರಿನ ಕೆಲಸ ನಿಜ, ಆದರೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ಲೋಗೋ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಜೆಪೆಗ್ ಲೋಗೋವನ್ನು ಕಪ್ಪು ಸ್ಲೈಡ್ ಮೇಲೆ ಹಾಕಿದರೆ ಸುತ್ತ ಬಿಳಿ ಚೌಕ ಕಾಣುತ್ತದೆ, ಯಾಕಂದರೆ ಜೆಪೆಗ್‌ನಲ್ಲಿ ಪಾರದರ್ಶಕ ಹಿನ್ನೆಲೆ ಇರುವುದಿಲ್ಲ. ಅದಕ್ಕೆ ಪಿಎನ್‌ಜಿ ಬೇಕು. ಬ್ಯಾನರ್‌ಗಾದರೆ ಎಸ್‌ವಿಜಿ ಅಥವಾ ವೆಕ್ಟರ್ ಪಿಡಿಎಫ್. ಇವುಗಳಲ್ಲಿ ಚಿತ್ರ ಪಿಕ್ಸೆಲ್ ಚುಕ್ಕೆಗಳಾಗಿ ಅಲ್ಲ, ರೇಖೆ-ಆಕಾರಗಳಾಗಿ ಇರುತ್ತದೆ, ಹಾಗಾಗಿ ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ. ಇದನ್ನೆಲ್ಲ ಸೇಲ್ಸ್‌ನವರಿಗೆ ಪಾಠ ಮಾಡಬೇಕಿಲ್ಲ. ಲೋಗೋ ಫೋಲ್ಡರ್‌ನಲ್ಲಿ 'ಸ್ಲೈಡ್‌ಗೆ', 'ವೆಬ್‌ಗೆ', 'ಪ್ರಿಂಟ್‌ಗೆ' ಅಂತ ಮೂರು ಮಾಡಿಟ್ಟೆ, ಅಷ್ಟೇ. ಫೋಟೋಗೂ ಹಾಗೇ. ಒಳ್ಳೆ ಪ್ರಿಂಟ್‌ಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕ. 1200 ಪಿಕ್ಸೆಲ್ ಅಗಲದ ವೆಬ್ ಫೋಟೋ 4 ಇಂಚಿಗೆ ಮಾತ್ರ ಸಾಕಾಗುತ್ತದೆ. ಅದನ್ನೇ ಬ್ರೋಷರ್‌ನ ಪೂರ್ತಿ ಪುಟಕ್ಕೆ ಎಳೆದರೆ ಮಸುಕಾಗದೇ ಇರುತ್ತಾ?

ಹಂಚುವುದಕ್ಕೆ ಇರುವುದು ಒಂದೇ ನಿಯಮ. ಫೈಲ್ ಕಳಿಸುವುದಿಲ್ಲ, ಲಿಂಕ್ ಕೊಡುತ್ತೇವೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಒಳಗೆ ಬರೆದ ಮಾಹಿತಿಯೂ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಳಿಸಿದ ಪ್ರತಿ ಅವರ ಹತ್ತಿರವೇ ಹಳೆಯದಾಗುತ್ತಾ ಉಳಿಯುತ್ತದೆ. ಗೂಗಲ್ ಡ್ರೈವ್‌ನಲ್ಲಿ ಬ್ರೋಷರ್ ಬದಲಾದಾಗ ಹೊಸ ಫೈಲ್ ಹಾಕದೆ, ಇರುವ ಫೈಲಿಗೇ ಹೊಸ ವರ್ಷನ್ ಏರಿಸುತ್ತೇವೆ. ಲಿಂಕ್ ಅದೇ ಇರುತ್ತದೆ, ತೆರೆದವರಿಗೆ ಹೊಸದೇ ಸಿಗುತ್ತದೆ. ಹಳೇ ವರ್ಷನ್ 30 ದಿನದ ನಂತರ ಅಳಿಸಿಹೋಗಬಹುದು. ಬೇಕಿದ್ದರೆ ಯಾವತ್ತೂ ಉಳಿಸುವ ಆಯ್ಕೆಯನ್ನು ಒತ್ತಿಡಬೇಕು. ಎಲ್ಲರಿಗೂ ನೋಡುವ ಅನುಮತಿ ಇದೆ. ಬದಲಾಯಿಸುವ ಅನುಮತಿ ನನಗೆ ಮತ್ತು ಡಿಸೈನರ್‌ಗೆ ಮಾತ್ರ.

ಫೋಟೋದಲ್ಲಿ ಇರುವ ಜನರ ಒಪ್ಪಿಗೆಯನ್ನೂ, ಕೊಂಡ ಚಿತ್ರಗಳ ಲೈಸೆನ್ಸನ್ನೂ ಆಯಾ ಫೋಟೋ ಫೈಲಿನ ಹೆಸರಲ್ಲೇ ಪಿಡಿಎಫ್ ಮಾಡಿ ಬೇರೆ ಫೋಲ್ಡರ್‌ನಲ್ಲಿ ಇಟ್ಟಿದ್ದೇನೆ. ಆ ಕಾಗದ ಕೈಗೆ ಬರುವ ತನಕ ಫೋಟೋ ಎಷ್ಟೇ ಚೆನ್ನಾಗಿರಲಿ, ಎಷ್ಟೇ ಅವಸರ ಇರಲಿ, ಎಲ್ಲರಿಗೂ ಕಾಣುವ ಫೋಲ್ಡರ್‌ಗೆ ಅದನ್ನು ಹಾಕುವುದಿಲ್ಲ. ಲೈಸೆನ್ಸ್ ಅವಧಿ ಮುಗಿಯುವ ತಾರೀಕು ನನ್ನ ಕ್ಯಾಲೆಂಡರ್‌ನಲ್ಲಿದೆ. ಆ ದಿನ ಬಂದರೆ ಚಿತ್ರವನ್ನು ತೆಗೆದು, ಬಳಸಿದ ಎಲ್ಲರಿಗೂ ತಿಳಿಸುತ್ತೇನೆ.